ಕರವಾನಿಯ ಗತ್ತು, ಲ್ಯಾಬ್ರಡಾರಿನ ಹಸಿವು: ನಾಯಿಯ ಗುಣವನ್ನು ತಳಿ ಎಷ್ಟು ಹೇಳುತ್ತದೆ?

ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡದ ಹಳ್ಳಿಗಳಲ್ಲಿ ನಾಯಿ ಸಾಕಿದವರ ಮುಂದೆ ನಾಯಿಯ ಮಾತು ತೆಗೆದರೆ ಸಂಜೆ ಹೋದದ್ದು ಗೊತ್ತಾಗುವುದಿಲ್ಲ. ಕರವಾನಿ ಎಂಬ ಓಟದ ಬೇಟೆನಾಯಿ ಸಾಕಿದವರು ಅದರ ಗತ್ತನ್ನು ವರ್ಣಿಸುತ್ತಾರೆ: ಹೊರಗಿನವರು ಮೈ ಮುಟ್ಟಲು ಹೋದರೆ ಸರಿದು ನಿಲ್ಲುತ್ತದೆ, ರೊಟ್ಟಿಯ ತುಂಡಿಗೆ ಮರುಳಾಗುವುದಿಲ್ಲ, ಮನೆಯಲ್ಲಿ ಒಬ್ಬರ ಮಾತನ್ನಷ್ಟೇ ಕೇಳುತ್ತದೆ. ಲ್ಯಾಬ್ರಡಾರ್ ಸಾಕಿದವರು ತಮ್ಮ ನಾಯಿಗೆ ವೈರಿಗಳೇ ಇಲ್ಲ, ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಒಳಗೆ ಕರೆದೀತು ಎಂದು ಹೆಮ್ಮೆಯಿಂದಲೇ ದೂರುತ್ತಾರೆ. ಜರ್ಮನ್ ಶೆಫರ್ಡ್ ಮನೆಯವರ ಮಾತಿನಲ್ಲಿ ನಿಷ್ಠೆ ಎಂಬ ಪದ ಐದು ನಿಮಿಷಕ್ಕೊಮ್ಮೆ ಬರುತ್ತದೆ. ಪೊಮೆರೇನಿಯನ್ ಸಾಕಿದ ಅಜ್ಜಿಯಂದಿರು ಅದರ ಸಿಟ್ಟನ್ನು ಮೊಮ್ಮಗನ ಹಟದಂತೆ ಮುದ್ದಿನಿಂದ ಹೇಳುತ್ತಾರೆ. ಇವನ್ನೆಲ್ಲ ಕೇಳಿಸಿಕೊಂಡ ಕುರಿಗಾರರು, ತೋಳ ಬಂದ ರಾತ್ರಿ ಈ ನಾಯಿಗಳೆಲ್ಲ ಎಲ್ಲಿರುತ್ತವೆ ಎಂದು ಕೇಳಿ, ತಮ್ಮ ಜವಾರಿ ನಾಯಿಯ ಕಡೆ ಕಣ್ಣು ಹಾಯಿಸುತ್ತಾರೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇದನ್ನು ತಳ್ಳಿಹಾಕಬಹುದು. ಆದರೆ ಇದೇ ಪ್ರಶ್ನೆಯ ಹಿಂದೆ ವಿಜ್ಞಾನಿಗಳು ದಶಕಗಳಿಂದ ಬಿದ್ದಿದ್ದಾರೆ. ಅವರು ಕಂಡುಕೊಂಡದ್ದು ಸಾಕಿದವರ ನಂಬಿಕೆಯನ್ನು ಪೂರ್ತಿ ಎತ್ತಿಹಿಡಿಯುವುದೂ ಇಲ್ಲ, ಪೂರ್ತಿ ಸುಳ್ಳು ಮಾಡುವುದೂ ಇಲ್ಲ. ನನಗೆ ಅರ್ಥವಾಗಿರುವಂತೆ, ತಳಿ ಒಂದು ನಾಯಿ ಏನು ಮಾಡಲು ಹಾತೊರೆಯುತ್ತದೆ ಎಂಬುದನ್ನು ಸಾಕಷ್ಟು ಹೇಳುತ್ತದೆ. ಆ ನಾಯಿ ನಿಮ್ಮ ಮನೆಯಲ್ಲಿ ಎಂಥ ಜೀವವಾಗಿ ಬಾಳುತ್ತದೆ ಎಂಬ ಬಗ್ಗೆ ಅದು ಹೇಳುವುದು ಕಡಿಮೆ. ಇವೆರಡನ್ನು ಒಂದೇ ಎಂದುಕೊಂಡಾಗಲೇ ಗೊಂದಲವೆಲ್ಲ ಹುಟ್ಟುತ್ತದೆ.

ತಳಿ ನೋಡಿ ಗುಣ ಹೇಳುವುದು ಈ ಸೀಮೆಗೆ ಹೊಸದಲ್ಲ. ಜತ್ತ ತಾಲ್ಲೂಕಿನ ಮಾಡಗ್ಯಾಳ ಎಂಬ ಊರು ಎತ್ತರದ ನಿಲುವಿನ, ಬಾಗಿದ ಮೂಗಿನ ಒಂದು ಕುರಿ ತಳಿಗೇ ತನ್ನ ಹೆಸರು ಕೊಟ್ಟಿದೆ. ಖಿಲಾರಿ ಎತ್ತು ಕೊಳ್ಳುವವರು ಅದರ ಕೊಂಬು, ಗೊರಸು ನೋಡುವಷ್ಟೇ ಗಮನದಿಂದ ಅದರ ಸಿಡುಕನ್ನೂ ತೂಗಿ ನೋಡುತ್ತಾರೆ. ಆದರೆ ಕುರಿ ಮತ್ತು ಎತ್ತನ್ನು ಮನುಷ್ಯ ಆರಿಸಿದ್ದು ಹೆಚ್ಚಾಗಿ ಮೈಕಟ್ಟು, ಮಾಂಸ, ಎಳೆಯುವ ಬಲಕ್ಕಾಗಿ. ನಾಯಿಯನ್ನು ಸಾವಿರಾರು ವರ್ಷ ಆರಿಸಿದ್ದು ಅದರ ವರ್ತನೆಗಾಗಿ. ಲೆಕ್ಕ ಜಟಿಲವಾಗುವುದು ಅಲ್ಲಿಂದ.

ಮೊದಲಿಗೆ, ತಳಿ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳಿವೆ. ಇಂದು ನಾವು ಚಿತ್ರಪಟದಲ್ಲಿ ನೋಡುವ ತಳಿಗಳಲ್ಲಿ ಬಹುಪಾಲು 19ನೆಯ ಶತಮಾನದ ಬ್ರಿಟನ್ ಮತ್ತು ಯುರೋಪಿನ ಸೃಷ್ಟಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1859ರಲ್ಲಿ ನಾಯಿಗಳ ಪ್ರದರ್ಶನ ನಡೆಯಿತು. 1873ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಹುಟ್ಟಿಕೊಂಡಿತು. ಅಲ್ಲಿಂದ ಮುಂದೆ ವಂಶಾವಳಿಯ ದಾಖಲೆ ಇಟ್ಟು, ದಾಖಲೆಯೊಳಗಿನ ನಾಯಿಗಳನ್ನಷ್ಟೇ ಕೂಡಿಸಿ, ಕಿವಿಯ ಆಕಾರ, ಬಾಲದ ಬಾಗು, ಬಣ್ಣಗಳಿಗೆ ಅಂಕ ಕೊಡುವ ಪದ್ಧತಿ ಬೆಳೆಯಿತು. ಜರ್ಮನ್ ಶೆಫರ್ಡ್‌ನಂಥ 'ಪುರಾತನ' ಗಾಂಭೀರ್ಯದ ನಾಯಿಯ ಅಧಿಕೃತ ಚರಿತ್ರೆ ಶುರುವಾಗುವುದೇ 1899ರಲ್ಲಿ, ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಧಿಕಾರಿ ತನಗೆ ಮೆಚ್ಚುಗೆಯಾದ ಒಂದು ನಾಯಿಯನ್ನು ಮೂಲವಾಗಿಟ್ಟು ಸಂಘ ಕಟ್ಟಿದಾಗ.

ಇನ್ನೊಂದು ಬಗೆಯದು ಕೆಲಸದಿಂದ ರೂಪುಗೊಂಡ ತಳಿ. ಕುರುಚಲು ಬಯಲಿನಲ್ಲಿ ಮೊಲ ಹಿಡಿಯುವ ನಾಯಿ ಬೇಕಿತ್ತು. ಚೆನ್ನಾಗಿ ಓಡಿದ ನಾಯಿಗಳಿಂದ ಮರಿ ಪಡೆದರು, ಓಡಲಾರದವು ಹಿಂದೆ ಬಿದ್ದವು. ನಮ್ಮ ಕರವಾನಿ ಆ ದಾರಿಯಲ್ಲಿ ಬಂದದ್ದು. ವ್ಯಾಪಾರಿಗಳ ಗುಂಪುಗಳ ಜೊತೆ ಪಶ್ಚಿಮ ಮತ್ತು ಮಧ್ಯ ಏಷ್ಯಾದಿಂದ ಬಂದ ಬೇಟೆನಾಯಿಗಳ ವಂಶ ಇದು ಎಂಬ ನಂಬಿಕೆ ಚಾಲ್ತಿಯಲ್ಲಿದೆ. ಗಡಿಯ ಆ ಕಡೆ, ಕರ್ನಾಟಕದಲ್ಲಿ, ಇದು ಮುಧೋಳ ನಾಯಿ. ಮುಧೋಳ ಸಂಸ್ಥಾನದ ಮಾಲೋಜಿರಾವ ಘೋರ್ಪಡೆಯವರು ಇದನ್ನು ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಜೋಡಿ ಮರಿಗಳನ್ನು ಕಾಣಿಕೆ ಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಮಹಾರಾಷ್ಟ್ರದ ಕಡೆ ಕೂದಲು ನುಣುಪಾದದ್ದು ಕರವಾನಿ, ಕಿವಿ-ಬಾಲದ ಮೇಲೆ ರೇಷ್ಮೆಯಂಥ ಕೂದಲು ಇಳಿಬಿಟ್ಟದ್ದು ಪಶ್ಮಿ. ದೇಶದ ಎರಡು ಕೆನಲ್ ಸಂಸ್ಥೆಗಳಲ್ಲಿ ಒಂದು ಕ್ಯಾರವಾನ್ ಹೌಂಡ್ ಎಂದೂ ಇನ್ನೊಂದು ಮುಧೋಳ್ ಹೌಂಡ್ ಎಂದೂ ದಾಖಲಿಸಿಕೊಂಡಿವೆ. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಚೀಟಿ ಹೊರತಂದಾಗ ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿಗಳ ಜೊತೆ ಇದಕ್ಕೂ ಜಾಗ ಸಿಕ್ಕಿತು. ಚೀಟಿಯ ಮೇಲಿದ್ದದ್ದು ಮುಧೋಳದ ಹೆಸರು. ಜತ್ತದ ಕೆಲವು ಕರವಾನಿ ಅಭಿಮಾನಿಗಳಿಗೆ ಇವತ್ತಿಗೂ ಅದೊಂದು ಸಣ್ಣ ಮುನಿಸು.

ಕೆಲಸಕ್ಕಾಗಿ ಆರಿಸುವುದೆಂದರೆ ನಾಯಿಯೊಳಗೆ ನಿಜಕ್ಕೂ ಏನನ್ನು ಬದಲಿಸಿದಂತೆ? ಇದನ್ನು ಅತ್ಯಂತ ಸ್ಪಷ್ಟವಾಗಿ ಬಿಡಿಸಿಟ್ಟವರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ರೇಮಂಡ್ ಕಾಪಿಂಜರ್ ಒಬ್ಬರು. ತೋಳ ಬೇಟೆಯಾಡುವಾಗ ಅದರ ವರ್ತನೆ ಒಂದು ಸರಪಣಿಯಂತೆ ಸಾಗುತ್ತದೆ: ಪ್ರಾಣಿಯ ಸುಳಿವು ಹಿಡಿಯುವುದು, ಕಣ್ಣು ನೆಟ್ಟು ನೋಡುವುದು, ಹೊಂಚುತ್ತ ಸಾಗುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ಸೀಳುವುದು. ಒಂದು ಕೊಂಡಿ ಮುಂದಿನದನ್ನು ಎಳೆದು ತರುತ್ತದೆ. ಮನುಷ್ಯ ಬೇರೆಬೇರೆ ಕೆಲಸಗಳಿಗೆ ನಾಯಿಗಳನ್ನು ಆರಿಸುತ್ತ ಬಂದಂತೆ ಈ ಸರಪಣಿಯ ಕೆಲವು ಕೊಂಡಿಗಳು ಉಬ್ಬಿದವು, ಕೆಲವು ಸವೆದವು.

ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಅತಿಯಾಗಿ ಬೆಳೆದಿವೆ. ಕಚ್ಚುವ ಹಂತ ಬರುವ ಮೊದಲೇ ಸರಪಣಿ ನಿಲ್ಲುತ್ತದೆ. ಕುರಿ ಹಿಂಡನ್ನು ಕಣ್ಣಲ್ಲೇ ತಿರುಗಿಸುವ ಅದರ ಕೌಶಲ ಅರ್ಧಕ್ಕೆ ನಿಂತ ಬೇಟೆ. ಪಾಯಿಂಟರ್ ಹೊಂಚಿನಲ್ಲೇ ಕಲ್ಲಾಗಿ ನಿಂತು, ಹಕ್ಕಿ ಎಲ್ಲಿದೆಯೆಂದು ಬೇಟೆಗಾರನಿಗೆ ತೋರಿಸುತ್ತದೆ. ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್‌ಗಳಲ್ಲಿ ಬಾಯಲ್ಲಿ ಹಿಡಿಯುವ ಆಸೆ ಉಳಿದಿದೆ, ಹಲ್ಲೂರಿ ಕೊಲ್ಲುವುದು ಸವೆದಿದೆ. ಉದುರಿಬಿದ್ದ ಹಕ್ಕಿಯನ್ನು ಘಾಸಿ ಮಾಡದೆ ತಂದೊಪ್ಪಿಸಬೇಕಿತ್ತಲ್ಲ. ಟೆರಿಯರ್‌ಗಳಲ್ಲಿ ಇಲಿ, ಹೆಗ್ಗಣವನ್ನು ಕುತ್ತಿಗೆ ಹಿಡಿದು ಝಾಡಿಸಿ ಮುಗಿಸುವ ಕೊಂಡಿ ಗಟ್ಟಿಯಾಗಿದೆ. ಕುರಿ ಕಾಯುವ ನಾಯಿಗಳಲ್ಲಿ ಇಡೀ ಸರಪಣಿಯೇ ಮಂಕಾಗಿರಬೇಕು. ಓಡುವ ಕುರಿಮರಿ ಕಂಡಾಗ ಅಟ್ಟಬೇಕೆನ್ನಿಸುವ ನಾಯಿ ಕುರಿದಡ್ಡಿಯಲ್ಲಿ ಒಂದು ವಾರವೂ ಬಾಳಲಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕೊಂಡಿಗಳು ಹಸಿವನ್ನು ಅವಲಂಬಿಸಿಲ್ಲ. ಹೊಟ್ಟೆ ತುಂಬಿದ ಕರವಾನಿಯೂ ಓಡುವುದನ್ನು ಕಂಡರೆ ಓಡುತ್ತದೆ, ಏಕೆಂದರೆ ಓಟವೇ ಅದಕ್ಕೆ ಸಿಗುವ ಸುಖ. ಆದ್ದರಿಂದಲೇ ಬೈದು, ಹೊಡೆದು ಇದನ್ನು ಬಿಡಿಸುವುದು ಬಹಳ ಕಷ್ಟ. ಸಾಕಿದವರು 'ಸ್ವಭಾವ' ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಈ ಕೊಂಡಿಗಳೇ. ಸೊಲ್ಲಾಪುರದ ಫ್ಲ್ಯಾಟಿನಲ್ಲಿ ಚಪ್ಪಲಿ ಕಚ್ಚಿಕೊಂಡು ಬಾಗಿಲಿಗೆ ಬರುವ ಲ್ಯಾಬ್ರಡಾರ್ ಸ್ವಾಗತ ಕೋರುತ್ತಿದೆ ಎಂದು ಮನೆಯವರಿಗೆ ಅನ್ನಿಸುತ್ತದೆ. ಅದು ಸುಳ್ಳೂ ಅಲ್ಲ, ಆದರೆ ಬಾಯಿಗೆ ಏನಾದರೂ ಬೇಕೆಂಬ ಪೂರ್ವಿಕರ ಆಸೆಯೂ ಅಲ್ಲಿದೆ. ಸೈಕಲ್ ಸವಾರರ ಸುತ್ತ ಅರ್ಧವೃತ್ತ ಹಾಕುವ ಬಾರ್ಡರ್ ಕಾಲಿ ನಾಯಿಗೆ ಕುರಿಗಳಿಲ್ಲದ ಕೊರತೆ. ಮನೆಯಲ್ಲಿ ಋಷಿಯಂತೆ ಕೂತಿದ್ದ ಕರವಾನಿ ಬೆಕ್ಕು ಕಂಡದ್ದೇ ಗೇಟು ಹಾರಿ ಮಾಯವಾಗುತ್ತದೆ, ಕೂಗಿದರೆ ತಿರುಗಿಯೂ ನೋಡುವುದಿಲ್ಲ. ಒಡೆಯರಿಗೆ ಅದು ಅವಿಧೇಯತೆಯಂತೆ ಕಾಣುತ್ತದೆ. ಕಾಲಿಯೂ ರಿಟ್ರೀವರೂ ಮನುಷ್ಯನ ಸಿಳ್ಳೆ, ಕೈಸನ್ನೆ ನೋಡುತ್ತ ಕೆಲಸ ಮಾಡಬೇಕಿದ್ದ ನಾಯಿಗಳು. ಓಟದ ಬೇಟೆನಾಯಿಗೆ ಬಯಲಲ್ಲಿ ತಾನೇ ತೀರ್ಮಾನ ತೆಗೆದುಕೊಳ್ಳಬೇಕಿತ್ತು. ಹಿಂದೆ ತಿರುಗಿ ಅಪ್ಪಣೆ ಕೇಳಿದ್ದರೆ ಮೊಲ ಕೈಬಿಟ್ಟುಹೋಗುತ್ತಿತ್ತು. (ಈಗ ಮೊಲವನ್ನು ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೇಟೆಯ ವಿಡಿಯೊ ಮಾಡಿ ಮೊಬೈಲಿನಲ್ಲಿ ಹಂಚಿ ಮೆರೆಯುವವರು ತಮ್ಮ ವಿರುದ್ಧ ತಾವೇ ಸಾಕ್ಷಿ ಸಿದ್ಧಮಾಡಿಡುತ್ತಿದ್ದಾರೆ.)

ಮೈಕಟ್ಟು ಕೂಡ ಸ್ವಭಾವವನ್ನು ರೂಪಿಸುತ್ತದೆ. 2004ರ ಒಂದು ಅಧ್ಯಯನದಲ್ಲಿ ಸಂಶೋಧಕರು ನಾಯಿಗಳ ಕಣ್ಣಿನ ಒಳಪದರವನ್ನು ಪರೀಕ್ಷಿಸಿದರು. ಉದ್ದ ಮೂತಿಯ ನಾಯಿಗಳಲ್ಲಿ ನೋಟದ ಜೀವಕೋಶಗಳು ಅಡ್ಡ ಪಟ್ಟಿಯಾಗಿ ಹರಡಿದ್ದವು. ಅಂಥ ಕಣ್ಣಿಗೆ ದಿಗಂತದ ಉದ್ದಕ್ಕೂ ಎಲ್ಲಿ ಏನು ಅಲುಗಿದರೂ ತಿಳಿಯುತ್ತದೆ. ಮೂತಿ ಮೋಟಾದ ನಾಯಿಗಳಲ್ಲಿ ಅವು ನಡುವೆ ಒತ್ತಾಗಿ ಸೇರಿದ್ದವು. ಪಗ್ ನಿಮ್ಮ ಮುಖವನ್ನೇ ನೆಟ್ಟ ದೃಷ್ಟಿಯಿಂದ ನೋಡುವುದರಲ್ಲಿ, ಕರವಾನಿ ನಿಮ್ಮನ್ನು ದಾಟಿ ದೂರದ ಹೊಲವನ್ನು ನೋಡುತ್ತ ಕೂರುವುದರಲ್ಲಿ ಈ ಕಣ್ಣಿನ ರಚನೆಯ ಪಾತ್ರವೂ ಇದ್ದೀತು. ಮೊದಲನೆಯದನ್ನು ಪ್ರೀತಿಯೆಂದೂ ಎರಡನೆಯದನ್ನು ಗತ್ತೆಂದೂ ನಾವು ಓದಿಕೊಳ್ಳುತ್ತೇವೆ. ಹಾಗೆಯೇ ಓಟದ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಅಲ್ಪದೂರದ ಮಿಂಚಿನ ಓಟಕ್ಕೆ ಮಾಡಿದ ದೇಹ ಉಳಿದ ಹೊತ್ತೆಲ್ಲ ಮಲಗಿ ಶಕ್ತಿ ಉಳಿಸುತ್ತದೆ. ಡಿಸೆಂಬರಿನ ಚಳಿಯಲ್ಲಿ ಕಂಬಳಿಯೊಳಗೆ ನುಸುಳುವ ಕರವಾನಿಯನ್ನು ಸೋಮಾರಿ ಎಂದು ಬೈಯುವುದು ಅನ್ಯಾಯ.

ಲ್ಯಾಬ್ರಡಾರಿನ ಹಸಿವಿನ ಕಥೆ ಇನ್ನೂ ಸ್ವಾರಸ್ಯಕರ. ಈ ನಾಯಿಗೆ ಎಷ್ಟು ಹಾಕಿದರೂ ಸಾಲದೆಂಬುದು ಸಾಕಿದವರೆಲ್ಲರ ಅನುಭವ. 2016ರಲ್ಲಿ ಕೇಂಬ್ರಿಜ್‌ನ ಎಲಿನರ್ ರಾಫನ್ ಮತ್ತು ಸಂಗಡಿಗರು ಇದಕ್ಕೊಂದು ಕಾರಣ ಹುಡುಕಿದರು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದು ನಾಯಿಗೆ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕು ಇರುವುದಿಲ್ಲ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸುವ ವ್ಯವಸ್ಥೆಯಲ್ಲಿ ಆ ಜೀನ್‌ಗೆ ಪಾತ್ರವಿದೆ. ತುಣುಕಿಲ್ಲದ ನಾಯಿಗಳು ತೂಕದಲ್ಲಿ ಹೆಚ್ಚು, ತಿಂಡಿಯ ಆಸೆಯಲ್ಲೂ ಹೆಚ್ಚು. ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಲ್ಯಾಬ್ರಡಾರ್‌ಗಳಲ್ಲಿ ಈ ಕೊರತೆ ಇನ್ನೂ ಹೆಚ್ಚಾಗಿ ಕಂಡಿತು. ತಿಂಡಿಗಾಗಿ ಏನನ್ನಾದರೂ ಕಲಿಯುವ ನಾಯಿಯೇ ತರಬೇತಿಯಲ್ಲಿ ಗೆಲ್ಲುತ್ತದೆಯಲ್ಲ! ನಾವು 'ಜಾಣ, ಹೇಳಿದಂತೆ ಕೇಳುತ್ತದೆ' ಎಂದು ಕೊಂಡಾಡುವ ಗುಣದ ಬೇರು ತಣಿಯದ ಹೊಟ್ಟೆಯಲ್ಲೂ ಇರಬಹುದು. ಇದೆಲ್ಲ ತಿಳಿದ ಮೇಲೂ ಆ ಕಣ್ಣಿಗೆ ಸೋತು ಚಪಾತಿ ಹಾಕುವವರೇ ಹೆಚ್ಚು.

ಇಲ್ಲಿಯವರೆಗೆ ಓದಿದವರಿಗೆ ತಳಿಯೇ ಎಲ್ಲ ಎನ್ನಿಸಬಹುದು. ಈಗ ಇನ್ನೊಂದು ಮಗ್ಗುಲು.

2022ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 18,385 ನಾಯಿಗಳ ಒಡೆಯರು ತಮ್ಮ ನಾಯಿಯ ವರ್ತನೆಯ ಬಗ್ಗೆ ಪ್ರಶ್ನಾವಳಿ ತುಂಬಿದ್ದರು. ಅವುಗಳಲ್ಲಿ 2,155 ನಾಯಿಗಳ ಡಿಎನ್‌ಎಯನ್ನೂ ಓದಲಾಗಿತ್ತು. ನಾಯಿ ನಾಯಿಗಳ ನಡುವೆ ಕಾಣುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಸಾಧ್ಯವಾದದ್ದು ಶೇ 9ರಷ್ಟು ಮಾತ್ರ. ಹೇಳಿದ್ದನ್ನು ಪಾಲಿಸುವ ಗುಣದಂಥ ಕೆಲವು ವಿಷಯಗಳಲ್ಲಿ ತಳಿಯ ಮಾಹಿತಿ ಸ್ವಲ್ಪ ಉಪಯೋಗಕ್ಕೆ ಬಂತು. ಹೆದರಿದಾಗ ಅಥವಾ ಕಿರಿಕಿರಿಯಾದಾಗ ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ಮಾತ್ರ ತಳಿ ಹೆಚ್ಚುಕಡಿಮೆ ಏನನ್ನೂ ಹೇಳಲಿಲ್ಲ. ಅಂದರೆ, ಮಕ್ಕಳಿರುವ ಮನೆಗೆ ನಾಯಿ ತರುವಾಗ ಜನ ಮೊದಲು ಕೇಳುವ ಪ್ರಶ್ನೆಗೇ ತಳಿಯ ಉತ್ತರ ಅತ್ಯಂತ ದುರ್ಬಲ.

ಪತ್ರಿಕೆಗಳು ಇದನ್ನು 'ತಳಿಗೂ ಗುಣಕ್ಕೂ ಸಂಬಂಧವಿಲ್ಲ' ಎಂದು ಬರೆದವು. ಆದರೆ ಮೂರೇ ವರ್ಷ ಹಿಂದೆ, 2019ರಲ್ಲಿ, ಇವಾನ್ ಮ್ಯಾಕ್‌ಲೀನ್ ಮತ್ತು ಸಂಗಡಿಗರು 101 ತಳಿಗಳ 14,000ಕ್ಕೂ ಹೆಚ್ಚು ನಾಯಿಗಳ ವರ್ತನೆಯ ಮಾಹಿತಿ ತೆಗೆದುಕೊಂಡು, ತಳಿಗಳ ನಡುವಿನ ವರ್ತನೆಯ ವ್ಯತ್ಯಾಸ ಗಾಢವಾಗಿ ಆನುವಂಶಿಕ ಎಂದು ತೋರಿಸಿದ್ದರು. ಅದೇ ವರ್ಷ ಎರಿನ್ ಹೆಕ್ಟ್ ಅವರ ತಂಡ 33 ತಳಿಗಳ 62 ನಾಯಿಗಳ ಮಿದುಳನ್ನು ಸ್ಕ್ಯಾನ್ ಮಾಡಿ, ತಳಿಯ ಹಿಂದಿನ ಕೆಲಸಕ್ಕೆ ತಕ್ಕಂತೆ ಮಿದುಳಿನ ಭಾಗಗಳ ರಚನೆಯೂ ಬದಲಾಗಿದೆ ಎಂದಿತ್ತು. ಹಾಗಾದರೆ ಯಾರನ್ನು ನಂಬುವುದು?

ಇಬ್ಬರನ್ನೂ ನಂಬಬಹುದು. ಜೋಳದ ಎರಡು ಹೊಲ ನೆನೆಸಿಕೊಳ್ಳಿ. ಒಂದರಲ್ಲಿ ಎತ್ತರಕ್ಕೆ ಬೆಳೆಯುವ ಮಾಲದಂಡಿ, ಇನ್ನೊಂದರಲ್ಲಿ ಗಿಡ್ಡ ಹೈಬ್ರಿಡ್. ಎರಡೂ ಹೊಲಗಳ ಸರಾಸರಿ ಎತ್ತರ ತೆಗೆದರೆ ವ್ಯತ್ಯಾಸ ಎದ್ದು ಕಾಣುತ್ತದೆ, ಅದು ಬೀಜದ್ದೇ. 2019ರ ಅಧ್ಯಯನ ಅಳೆದದ್ದು ಇಂಥ ಸರಾಸರಿಗಳನ್ನು. ಆದರೆ ಒಂದೇ ಹೊಲದೊಳಗೆ ಬಾವಿಯ ಬದಿಯ ದಂಟು, ಕಲ್ಲುನೆಲದ ದಂಟು, ಬೇವಿನ ನೆರಳಿಗೆ ಸಿಕ್ಕ ದಂಟು ಒಂದೇ ಎತ್ತರಕ್ಕೆ ಬೆಳೆದಿರುವುದಿಲ್ಲ. ಹೊಲದೊಳಗಿನ ಈ ಏರುಪೇರು ಹೊಲಗಳ ನಡುವಿನ ಅಂತರಕ್ಕಿಂತ ಬಹಳ ದೊಡ್ಡದಾಗಿದ್ದರೆ, ಯಾವ ಹೊಲದ್ದೆಂದು ತಿಳಿದ ಮಾತ್ರಕ್ಕೆ ಕೈಯಲ್ಲಿರುವ ಒಂದು ದಂಟಿನ ಎತ್ತರ ಹೇಳಲಾಗದು. ನಾಯಿಗಳ ವರ್ತನೆಯಲ್ಲಿ ಪರಿಸ್ಥಿತಿ ಹೀಗಿದೆ. ತಳಿಯ ಬಗ್ಗೆ ಹೇಳುವ ಮಾತು ಸಾವಿರ ನಾಯಿಗಳ ಸರಾಸರಿಗೆ ಹೊಂದುತ್ತದೆ. ನಿಮ್ಮ ಅಂಗಳದಲ್ಲಿರುವುದು ಒಂದೇ ನಾಯಿ.

ಇನ್ನೂ ಒಂದು ಮಾತು ಇಲ್ಲೇ ಹೇಳಬೇಕು. ತಳಿ ಕಡಿಮೆ ಹೇಳುತ್ತದೆ ಎಂದರೆ ಜೀನ್ ಕಡಿಮೆ ಹೇಳುತ್ತದೆ ಎಂದಲ್ಲ. 2022ರ ಅಧ್ಯಯನದಲ್ಲೂ ವರ್ತನೆಯ ಬಹುಪಾಲು ಗುಣಗಳಲ್ಲಿ ಆನುವಂಶಿಕತೆಯ ಪಾಲು ಗಣನೀಯವಾಗಿತ್ತು. ಆ ಜೀನ್‌ಗಳು ತಳಿಯ ಬೇಲಿಯೊಳಗೆ ಅಚ್ಚುಕಟ್ಟಾಗಿ ನಿಂತಿಲ್ಲ, ಅಷ್ಟೆ. ಅಕ್ಕರೆಯ ತಾಯಿನಾಯಿಯ ಮರಿ ಅಕ್ಕರೆಯದಾಗುವ ಸಾಧ್ಯತೆ ಹೆಚ್ಚು. ಆ ತಾಯಿ ಕರವಾನಿಯೋ ಜವಾರಿಯೋ ಎಂಬುದು ಅಲ್ಲಿ ಎರಡನೆಯ ಮಾತು.

ಉಳಿದ ಪಾಲನ್ನು ಬದುಕು ತುಂಬುತ್ತದೆ, ಅದರಲ್ಲೂ ಬದುಕಿನ ಮೊದಲ ಕೆಲವು ವಾರಗಳು. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಾನುಗಟ್ಟಲೆ ಐದು ತಳಿಗಳ ಮರಿಗಳನ್ನು ಒಂದೇ ರೀತಿ ಬೆಳೆಸಿ ಹೋಲಿಸಿದರು. 1965ರಲ್ಲಿ ಫಲಿತಾಂಶಗಳನ್ನು ಪುಸ್ತಕವಾಗಿ ತಂದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿ ಯಾರನ್ನು ಕಾಣುತ್ತದೆಯೋ ಅವರನ್ನು ತನ್ನವರೆಂದು ಒಪ್ಪಿಕೊಳ್ಳುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿ. ಅದೇ ಪ್ರಯೋಗಾಲಯದಲ್ಲಿ ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳನ್ನು ಬಯಲಿನ ಬೇಲಿಯೊಳಗೆ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿ ನೋಡಿದ್ದರು. ಹದಿನಾಲ್ಕು ವಾರ ಹಾಗೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ಮನುಷ್ಯರಿಂದ ಓಡಿಹೋದವು. ಮನುಷ್ಯಸ್ನೇಹಕ್ಕೆ ಹೆಸರಾದ ಎರಡು ತಳಿಗಳು ಅವು ಎಂಬುದನ್ನು ಗಮನಿಸಿ. ನಮ್ಮ ಕುರಿಗಾರರು ಇದನ್ನು ಪುಸ್ತಕವಿಲ್ಲದೆ ಬಲ್ಲರು. ಕಣ್ಣು ಬಿಟ್ಟಾಗಿನಿಂದ ಕುರಿಗಳ ನಡುವೆ, ದಡ್ಡಿಯ ವಾಸನೆಯಲ್ಲಿ ಬೆಳೆದ ಮರಿ ಹಿಂಡನ್ನೇ ಬಳಗ ಎಂದುಕೊಳ್ಳುತ್ತದೆ. ಅದನ್ನು ದೊಡ್ಡದಾದ ಮೇಲೆ ತಂದು ಬಿಟ್ಟರೆ ಆ ನಂಟು ಕೂಡುವುದಿಲ್ಲ.

ಇನ್ನು, ತಳಿಯ ಹೆಸರು ನೋಡುವವರ ಕಣ್ಣನ್ನೇ ಬದಲಿಸುತ್ತದೆ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 'ಪಿಟ್‌ಬುಲ್' ಎಂದು ಹೆಸರು ಹಚ್ಚಿದ ನಾಯಿಯನ್ನು ಜನ ಕಡಿಮೆ ಮೆಚ್ಚಿದರು. ಅದನ್ನೇ ಹೋಲುವ, ಬೇರೆ ಹೆಸರಿನ ನಾಯಿ ಅವರಿಗೆ ಹಿಡಿಸಿತು. ಆಶ್ರಯಧಾಮವೊಂದು ಗೂಡಿನ ಮೇಲಿನ ತಳಿಯ ಚೀಟಿ ತೆಗೆದಾಗ ಇಂಥ ನಾಯಿಗಳನ್ನು ಸಾಕಲು ಒಯ್ಯುವವರು ಹೆಚ್ಚಿದರು. ಇದರ ತಿರುಗುಮುರುಗೂ ನಡೆಯುತ್ತದೆ. 2008ರಲ್ಲಿ ಜೇಮ್ಸ್ ಸರ್ಪೆಲ್ ಅವರ ತಂಡ ತಳಿವಾರು ಆಕ್ರಮಣಶೀಲತೆ ಅಳೆದಾಗ ಮೇಲಿನ ಸಾಲಿನಲ್ಲಿ ಕುಳಿತದ್ದು ಡ್ಯಾಷ್‌ಹಂಡ್ ಮತ್ತು ಚಿಹುವಾಹುವಾ. ಅಂಗೈ ಅಗಲದ ನಾಯಿ ಗುರುಗುಟ್ಟಿದರೆ ನಗುತ್ತೇವೆ, ಎತ್ತಿ ಮುದ್ದಿಸುತ್ತೇವೆ. ಅದೇ ಗುರುಗುಟ್ಟು ಶೆಫರ್ಡ್‌ನಿಂದ ಬಂದರೆ ಸರಪಳಿ ಹುಡುಕುತ್ತೇವೆ. ಪೊಮೆರೇನಿಯನ್ ಅಜ್ಜಿಯಂದಿರು ದಯವಿಟ್ಟು ಕ್ಷಮಿಸಬೇಕು.

ಹಾಗೆಂದು ಸಾಕಿದವರ ಅಕ್ಕರೆ ಬರೀ ಭ್ರಮೆಯಲ್ಲ. ನಾಯಿಯೂ ಒಡೆಯರೂ ಒಬ್ಬರನ್ನೊಬ್ಬರು ದಿಟ್ಟಿಸುತ್ತ ಕುಳಿತರೆ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಏರುತ್ತದೆ ಎಂದು ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ತಾಯಿ ಮತ್ತು ಕೂಸಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನ್ ಅದು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗಾಗಲಿಲ್ಲ. ಪ್ರಯೋಗದಲ್ಲಿ ಇದ್ದದ್ದು ಹಲವು ತಳಿಯ ನಾಯಿಗಳು. ಈ ನಂಟು ಯಾವುದೋ ಒಂದು ತಳಿಯ ಸ್ವತ್ತಲ್ಲ. ಅಕ್ಕಲಕೋಟೆಯ ಅಂಗಡಿಗಳಲ್ಲಿ ತೂಗುವ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿರುತ್ತವೆ, ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಸೊಲ್ಲಾಪುರದ ಬಾಳೆ ಎಂಬಲ್ಲಿನ ಖಂಡೋಬ ದೇವರ ಜೊತೆಗೂ ನಾಯಿ ಉಂಟು. ಅವು ಯಾವ ತಳಿಯೆಂದು ಯಾವ ಭಕ್ತರೂ ಕೇಳಿದ್ದನ್ನು ನಾನು ಕೇಳಿಲ್ಲ.

ತಳಿಯ ಮೋಹ ನಾಯಿಗೇ ಮುಳುವಾಗುವುದೂ ಉಂಟು. 2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋಗುತ್ತಿದ್ದ ಪಗ್ ದೇಶಕ್ಕೆಲ್ಲ ಮುದ್ದಾಯಿತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಪಗ್‌ನ ಮೋಟು ಮೂತಿಯಲ್ಲಿ ಉಸಿರಿನ ದಾರಿಯೇ ಇಕ್ಕಟ್ಟು. ಸೊಲ್ಲಾಪುರದ ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುವುದು ವಿಶೇಷವೇನಲ್ಲ. ಅಂಥ ಮಧ್ಯಾಹ್ನ ಅದು ಗೊರಗುಟ್ಟುವುದನ್ನು ಜನ ಮುದ್ದಾದ ಗೊರಕೆ ಎಂದುಕೊಳ್ಳುತ್ತಾರೆ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯುತ್ತಿದ್ದ ಹಸ್ಕಿಗೆ ಈ ಊರುಗಳಲ್ಲಿ ಏನು ಕೆಲಸವೋ ನನಗಂತೂ ತಿಳಿಯದು. ನೀಲಿ ಕಣ್ಣಿಗಾಗಿ ಅದನ್ನು ತಂದು, ಎರಡು ಪದರ ಕೂದಲಿನ ಪ್ರಾಣಿಯನ್ನು ಕೂಲರ್ ಮುಂದೆ ಕಟ್ಟಿ, ಅದು ಊಳಿಡುತ್ತದೆ, ಮನೆ ಕೆಡಿಸುತ್ತದೆ ಎಂದು ದೂರುವವರ ಮೇಲೆ ನನಗೆ ಕನಿಕರವಿಲ್ಲ.

ಮರಿ ತರುವವರು ತಳಿಯನ್ನು ಕೇಳಲಿ, ಆದರೆ ಸರಿಯಾದ ಪ್ರಶ್ನೆಗೆ ಅದನ್ನು ಬಳಸಲಿ. ಇದರ ಪೂರ್ವಿಕರು ದಿನವಿಡೀ ಏನು ಮಾಡುತ್ತಿದ್ದರು, ಅದನ್ನು ಮಾಡಲು ನನ್ನ ಮನೆಯಲ್ಲಿ ಜಾಗವೂ ಹೊತ್ತೂ ಇದೆಯೇ, ಇದರ ಮೈ ಈ ಬಿಸಿಲಿಗೆ ತಡೆಯುತ್ತದೆಯೇ ಎಂಬುದಕ್ಕೆ ತಳಿ ಚೆನ್ನಾಗಿ ಉತ್ತರಿಸುತ್ತದೆ. ಕರವಾನಿಗೆ ಓಡಲು ಬೇಲಿ ಹಾಕಿದ ಬಯಲು ಬೇಕು. ಅದಿಲ್ಲದಿದ್ದರೆ ಬೆಳಗಿನ ಜಾವದ ಖಾಲಿ ಹೊಲದಲ್ಲಿ ಉದ್ದ ಹಗ್ಗ ಹಿಡಿದು ಓಡಿಸುವ ಕಾಲಾದರೂ ನಿಮಗಿರಬೇಕು. ಲ್ಯಾಬ್ರಡಾರಿಗೆ ಊಟ ಅಳೆದು ಹಾಕುವ ಗಟ್ಟಿ ಮನಸ್ಸು ಬೇಕು. ಮಕ್ಕಳೊಡನೆ ಹೇಗಿರುತ್ತದೆ, ಬೇಗ ಕೆರಳುತ್ತದೆಯೇ, ಒಂಟಿಯಾಗಿ ಇರಬಲ್ಲದೇ ಎಂಬುದನ್ನು ತಳಿಯ ಹೆಸರಿಗೆ ಕೇಳಿ ಪ್ರಯೋಜನವಿಲ್ಲ. ಅದಕ್ಕೆ ಮರಿಯ ತಾಯಿಯನ್ನು ನೋಡಬೇಕು: ನೀವು ಹತ್ತಿರ ಹೋದಾಗ ಅದು ಹೇಗೆ ನಡೆದುಕೊಳ್ಳುತ್ತದೆ, ಅದರ ಮರಿಗಳು ಮನುಷ್ಯರ ಕೈಯಲ್ಲಿ ಬೆಳೆದಿವೆಯೋ ಕತ್ತಲೆ ಗೂಡಿನಲ್ಲೋ ಎಂದು ವಿಚಾರಿಸಬೇಕು. ತಾಯಿ ಬೇರೆ ಊರಿನಲ್ಲಿದೆ ಎನ್ನುತ್ತ ಕಾಗದಪತ್ರ ಮುಂದೆ ಮಾಡುವ ಮಾರಾಟಗಾರರಿಗೆ ಮುಂಗಡ ಕೊಡಬೇಡಿ. ಎದುರುಮನೆಯ ಜವಾರಿ ನಾಯಿ ಹಾಕಿದ ಮರಿಗಳ ವಿಷಯದಲ್ಲಿ ಈ ತೊಂದರೆಯೇ ಇಲ್ಲ. ಅವುಗಳ ತಾಯಿಯನ್ನು ನೀವು ದಿನಾ ನೋಡುತ್ತಿರುತ್ತೀರಿ.